ಮೂರು ದಿನಗಳಲ್ಲಿ ಎರಡು ಸಾವಿರ ಕಿಲೋಮೀಟರು: ಒಂದು ಶಾರ್ಕ್ ಚಿತ್ರದ ಭೌತಶಾಸ್ತ್ರ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯನ್ನು ನೋಡದವರು ಈ ಸೀಮೆಯಲ್ಲಿ ವಿರಳ. ವೆಂಕಟರಮಣಸ್ವಾಮಿಯ ಗುಡಿ, ದನಗಳ ಜಾತ್ರೆ, ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಅಣೆ, ಅದರ ಮೇಲಿಂದ ಹಾಲಿನಂತೆ ಇಳಿಯುವ ನೀರು, ಇವೆಲ್ಲ ಸುತ್ತಮುತ್ತಲಿನ ಶಾಲಾಬಾಲಕರಿಗೆ ಚಿರಪರಿಚಿತವಾದುವು. ಕಳೆದ ವರ್ಷ ನಾನೂ ನಮ್ಮ ಕಾಲೇಜಿನ ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆನು. ಹಿಂದಿನ ರಾತ್ರಿ ವಿದ್ಯಾರ್ಥಿನಿಲಯದಲ್ಲಿ ಅವರು ಒಂದು ಶಾರ್ಕ್ ಚಿತ್ರವನ್ನು ನೋಡಿದ್ದರು. ದಾರಿಯುದ್ದಕ್ಕೂ ಅದರದೇ ಮಾತು. ಊಟದ ಬುತ್ತಿ ಬಿಚ್ಚಿದಾಗ ಒಬ್ಬನು ನೀರಿನ ಕಡೆ ನೋಡಿ, “ಸಾರ್, ಇಲ್ಲಿಗೂ ಅದು ಬಂದೀತೆ? ನಾನಂತೂ ಇಳಿಯುವುದಿಲ್ಲ” ಎಂದನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಮುಗಿಯುವ ಮೊದಲೇ ನಡೆದುದೇನೆಂಬುದನ್ನು ಲೇಖನದ ಕೊನೆಯಲ್ಲಿ ಹೇಳುವೆನು. ಈಗ ಮೊದಲು ಆ ಚಿತ್ರವನ್ನು ವಿಚಾರಣೆಗೆ ತೆಗೆದುಕೊಳ್ಳೋಣ.

ಚಿತ್ರ ಮತ್ತು ಅದರ ಪೂರ್ವಜ

1975ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಜಾಸ್’ ಎಂಬ ಚಿತ್ರವು ಲೋಕಪ್ರಸಿದ್ಧವಾದುದು. ಪೀಟರ್ ಬೆಂಚ್ಲಿ ಎಂಬಾತನು 1974ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದಕ್ಕೆ ಆಧಾರ. ಅದರ ಬೆನ್ನಿಗೆ 1978ರಲ್ಲಿ ಎರಡನೆಯದೂ 1983ರಲ್ಲಿ ಮೂರನೆಯದೂ ಬಂದುವು. ನಾಲ್ಕನೆಯದು 1987ರಲ್ಲಿ ಜೋಸೆಫ್ ಸಾರ್ಜೆಂಟ್ ನಿರ್ದೇಶಿಸಿದ ‘ಜಾಸ್: ದಿ ರಿವೆಂಜ್’. ನಮ್ಮ ಹುಡುಗರು ನೋಡಿದ್ದು ಇದನ್ನೇ. ವಿಮರ್ಶಕರು ಇದನ್ನು ಬಹುಮಟ್ಟಿಗೆ ಒಕ್ಕೊರಲಿನಿಂದ ತೆಗಳಿದರು. ಅದರಲ್ಲಿ ನಟಿಸಿದ ಮೈಕೇಲ್ ಕೇನ್ ಎಂಬ ಹೆಸರಾಂತ ನಟನಿಗೆ ಆ ವರ್ಷವೇ ಬೇರೊಂದು ಚಿತ್ರಕ್ಕಾಗಿ ಆಸ್ಕರ್ ಬಹುಮಾನ ದೊರೆಯಿತು. ಈ ಚಿತ್ರೀಕರಣದಲ್ಲಿ ತೊಡಗಿದ್ದುದರಿಂದ ಅವನು ಸಮಾರಂಭಕ್ಕೇ ಹೋಗಲಾಗಲಿಲ್ಲ!

ಕಥೆ ಇಷ್ಟೆ. ಅಮೆರಿಕದ ಈಶಾನ್ಯ ಕರಾವಳಿಯ ಅಮಿಟಿ ಎಂಬ ಕಾಲ್ಪನಿಕ ದ್ವೀಪದಲ್ಲಿ ಒಂದು ಬಿಳಿಯ ಶಾರ್ಕ್ ಬ್ರೋಡಿ ಮನೆತನದ ಕಿರಿಯ ಮಗನನ್ನು ಕೊಲ್ಲುತ್ತದೆ. ದುಃಖಿತಳಾದ ತಾಯಿ ತನ್ನ ಹಿರಿಯ ಮಗನಿರುವ ಬಹಾಮಾ ದ್ವೀಪಗಳಿಗೆ ವಿಮಾನದಲ್ಲಿ ಹೋಗುತ್ತಾಳೆ. ಮೂರು ದಿನ ತುಂಬುವುದರೊಳಗೆ ಶಾರ್ಕ್ ಕೂಡ ಅಲ್ಲಿ ಹಾಜರಾಗುತ್ತದೆ! ಅದು ಆ ಮನೆತನದ ಮೇಲೆ ಹಗೆ ಸಾಧಿಸುತ್ತಿದೆ ಎಂಬುದು ಚಿತ್ರದ ಹೆಸರಿನಿಂದಲೇ ಸ್ಪಷ್ಟ.

ಕಲ್ಪನೆಯನ್ನು ವಿಜ್ಞಾನದ ತಕ್ಕಡಿಯಲ್ಲಿಟ್ಟು ತೂಗುವುದು ರಸಿಕತನವಲ್ಲವೆಂದು ಕೆಲವರು ಹೇಳಬಹುದು. ಅಜ್ಜಿಯ ಕಥೆಯಲ್ಲಿ ಏಳು ಹೆಡೆಯ ಸರ್ಪ ಬಂದರೆ ನಾವು ಆಕ್ಷೇಪಿಸುವುದಿಲ್ಲ, ನಿಜ. ಆದರೆ ಅಜ್ಜಿಯ ಕಥೆ ತನ್ನನ್ನು ಕಥೆಯೆಂದೇ ಹೇಳಿಕೊಳ್ಳುತ್ತದೆ. ಈ ಚಿತ್ರವಾದರೋ ನಿಜವಾದ ಸಮುದ್ರ, ನಿಜವಾದ ಪ್ರಾಣಿ, ಸಮುದ್ರಜೀವಿಗಳನ್ನು ಅಭ್ಯಸಿಸುವ ವಿಜ್ಞಾನಿಯಾದ ಮಗ, ಇವುಗಳ ನಡುವೆ ತನ್ನ ಕಥೆಯನ್ನು ನಿಲ್ಲಿಸುತ್ತದೆ. ಹೀಗಿರುವಲ್ಲಿ ಅದನ್ನು ಪ್ರಶ್ನಿಸುವುದು ನ್ಯಾಯವೇ ಸರಿ.

ವೇಗದ ಲೆಕ್ಕ

ಅಮೆರಿಕದ ಬಾಸ್ಟನ್ ಪ್ರದೇಶದಿಂದ ಬಹಾಮಾದ ನಾಸೋ ಪಟ್ಟಣಕ್ಕೆ ನೇರವಾಗಿ ಅಳೆದರೆ ಸುಮಾರು 2,000 ಕಿಲೋಮೀಟರು. ಮೂರು ದಿನವೆಂದರೆ 72 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 28 ಕಿಲೋಮೀಟರು ಬರುತ್ತದೆ. ನಿದ್ರೆಯಿಲ್ಲದೆ, ಆಹಾರವಿಲ್ಲದೆ, ದಾರಿ ತಪ್ಪದೆ ಶಾರ್ಕ್ ಇಷ್ಟು ವೇಗದಿಂದ ಸಾಗಬೇಕು.

ನಿಜವಾದ ಶಾರ್ಕ್ ಎಷ್ಟು ವೇಗದಿಂದ ಸಾಗುತ್ತದೆ? ಇದಕ್ಕೆ ಊಹೆ ಬೇಕಿಲ್ಲ, ಅಳತೆಯೇ ಇದೆ. 2003ರಲ್ಲಿ ದಕ್ಷಿಣ ಆಫ್ರಿಕದ ಕರಾವಳಿಯಲ್ಲಿ ವಿಜ್ಞಾನಿಗಳು ಒಂದು ಹೆಣ್ಣು ಬಿಳಿಯ ಶಾರ್ಕಿನ ಬೆನ್ನಿಗೆ ಉಪಗ್ರಹಕ್ಕೆ ಸುದ್ದಿ ಕಳುಹಿಸುವ ಒಂದು ಸಣ್ಣ ಉಪಕರಣವನ್ನು ಸಿಕ್ಕಿಸಿದರು. ‘ನಿಕೋಲ್’ ಎಂದು ಹೆಸರಿಸಿದ ಆ ಶಾರ್ಕ್ ಹಿಂದೂ ಮಹಾಸಾಗರವನ್ನು ದಾಟಿ ಸುಮಾರು 11,100 ಕಿಲೋಮೀಟರು ದೂರದ ಆಸ್ಟ್ರೇಲಿಯವನ್ನು 99 ದಿನಗಳಲ್ಲಿ ತಲಪಿತು. ಒಂದು ವರ್ಷ ತುಂಬುವುದರೊಳಗೆ ಹಿಂದಿರುಗಿಯೂ ಬಂದಿತು. ದೀರ್ಘಪ್ರಯಾಣದಲ್ಲಿ ಬಲು ವೇಗವಾದದ್ದೆಂದು ಹೆಸರಾದ ಈ ಶಾರ್ಕಿನ ಸರಾಸರಿ ವೇಗ ಗಂಟೆಗೆ ಸುಮಾರು 4.7 ಕಿಲೋಮೀಟರು. ಬಿರುಸಾಗಿ ನಡೆಯುವ ಮನುಷ್ಯನ ವೇಗವೂ ಇಷ್ಟೆ. ನಿಕೋಲ್ ಏನಾದರೂ ಬಹಾಮಾಕ್ಕೆ ಹೊರಟಿದ್ದರೆ ಅದಕ್ಕೆ 18 ದಿನಗಳಾದರೂ ಬೇಕಾಗುತ್ತಿತ್ತು.

“ಹಾಗಾದರೆ ಆರು ಪಾಲು ವೇಗವಾಗಿ ಈಜಿದರಾಯಿತು; ಆರು ಪಾಲು ಶ್ರಮ” ಎಂದು ವಾಚಕರು ಹೇಳಬಹುದು. ಇಲ್ಲಿಯೇ ಭೌತಶಾಸ್ತ್ರ ಅಡ್ಡ ಬರುವುದು. ನೀರಿನಲ್ಲಿ ಬೇಗಬೇಗನೆ ಸಾಗುವ ದೊಡ್ಡ ವಸ್ತುವಿಗೆ ಎದುರಾಗುವ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಇದರ ಕಾರಣವನ್ನು ತಿಳಿಯುವುದು ಸುಲಭ. ವೇಗ ಹೆಚ್ಚಿದಂತೆ ಪ್ರತಿ ಸೆಕೆಂಡಿನಲ್ಲಿ ಪಕ್ಕಕ್ಕೆ ತಳ್ಳಬೇಕಾದ ನೀರಿನ ಮೊತ್ತವೂ ಹೆಚ್ಚುತ್ತದೆ, ಆ ನೀರನ್ನು ತಳ್ಳಬೇಕಾದ ವೇಗವೂ ಹೆಚ್ಚುತ್ತದೆ. ಎರಡು ಹೆಚ್ಚಳಗಳು ಒಂದನ್ನೊಂದು ಗುಣಿಸುವುದರಿಂದ ವರ್ಗ ಬರುತ್ತದೆ.

ಈಗ ನಮ್ಮ ಶಾರ್ಕಿಗೆ ಬರೋಣ. ವೇಗ ಸುಮಾರು 6 ಪಾಲು. ಆದುದರಿಂದ ತಡೆ 36 ಪಾಲು. ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧವಷ್ಟೆ. ಆದುದರಿಂದ ಅದು 36ನ್ನು 6ರಿಂದ ಗುಣಿಸಿದಷ್ಟು, ಎಂದರೆ 216 ಪಾಲು! ನಿಕೋಲಿನ ಸ್ನಾಯುಗಳು ಮುಂದೆ ಸಾಗಲು ಪ್ರತಿ ಸೆಕೆಂಡಿನಲ್ಲಿ ಮಾಡಿದ ಕೆಲಸದ 216 ಪಾಲನ್ನು ಚಿತ್ರದ ಶಾರ್ಕ್ ಮೂರು ಹಗಲು ಮೂರು ರಾತ್ರಿ ಬಿಡುವಿಲ್ಲದೆ ಮಾಡಬೇಕು. ಮೆಲ್ಲಗೆ ನಡೆದು ಮೈಸೂರಿಗೆ ಹೋಗಬಲ್ಲವನು ಓಡಿಯೇ ಮುಂಬಯಿಗೆ ಹೋಗಬಲ್ಲನೆಂದು ವಾದಿಸುವುದಕ್ಕಿಂತ ಇದು ಹೆಚ್ಚು ಅಸಂಬದ್ಧವಾದುದು.

ವಾಸನೆಯ ಜಾಡು

ವೇಗವನ್ನು ಬಿಟ್ಟುಬಿಡೋಣ. ವಿಮಾನದಲ್ಲಿ ಹೋದವಳ ದಾರಿ ಶಾರ್ಕಿಗೆ ಹೇಗೆ ತಿಳಿಯಿತು? ಶಾರ್ಕುಗಳ ಘ್ರಾಣಶಕ್ತಿ ಬಹಳ ಚುರುಕಾದುದೆಂಬುದು ನಿಜ. ಆದರೆ ‘ಒಂದು ತೊಟ್ಟು ರಕ್ತವನ್ನು ಹತ್ತಾರು ಕಿಲೋಮೀಟರು ದೂರದಿಂದ ಆಗಲೇ ಗುರುತಿಸುತ್ತದೆ’ ಎಂಬ ಮಾತಿಗೆ ಅರ್ಥವಿಲ್ಲ. ವಾಸನೆಯೆಂಬುದು ಬೆಳಕಿನಂತೆ ಕಿರಣವಲ್ಲ; ಅದು ವಸ್ತುವಿನ ಅಣುಗಳೇ. ಆ ಅಣುಗಳು ಮೂಗನ್ನು ತಲಪಬೇಕು. ನಿಶ್ಚಲವಾದ ನೀರಿನಲ್ಲಿ ಸಣ್ಣ ಅಣುವೊಂದು ತಾನಾಗಿಯೇ ತಡವರಿಸುತ್ತ ಒಂದು ಮೀಟರು ಹರಡಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿದರೆ ಸುಮಾರು 16 ವರ್ಷಗಳೆಂದು ಉತ್ತರ ಬರುತ್ತದೆ. ಲೋಟದ ನೀರಿಗೆ ಸಕ್ಕರೆ ಹಾಕಿ ಕದಡದೆ ಬಿಟ್ಟರೆ ಮೇಲಿನ ನೀರು ಬಹಳ ಹೊತ್ತು ಸಪ್ಪೆಯಾಗಿಯೇ ಇರುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಸಮುದ್ರದಲ್ಲಿ ವಾಸನೆಯನ್ನು ಹೊತ್ತು ಸಾಗಿಸುವುದು ಪ್ರವಾಹಗಳು. ಪ್ರವಾಹದ ಕೆಳದಿಕ್ಕಿನಲ್ಲಿರುವ ಶಾರ್ಕಿಗೆ ಮಾತ್ರ, ಪ್ರವಾಹದ ವೇಗದಲ್ಲಿ ಮಾತ್ರ, ಸುದ್ದಿ ಮುಟ್ಟುತ್ತದೆ. ಹತ್ತು ಸಾವಿರ ಮೀಟರು ಎತ್ತರದಲ್ಲಿ ಹಾರಿಹೋದ ಪ್ರಯಾಣಿಕಳು ಸಮುದ್ರದಲ್ಲಿ ಯಾವ ಜಾಡನ್ನೂ ಬಿಟ್ಟಿರಲು ಸಾಧ್ಯವಿಲ್ಲ.

ಬಾಲದ ಮೇಲೆ ನಿಂತು ಗರ್ಜಿಸುವ ಮೀನು

ಚಿತ್ರದ ಕೊನೆಯ ಭಾಗದಲ್ಲಿ ಶಾರ್ಕ್ ನೀರಿನಿಂದ ನೆಟ್ಟಗೆ ಮೇಲೆದ್ದು, ಬಾಲದ ಮೇಲೆ ನಿಂತಂತೆ ನಿಂತು ಸಿಂಹದಂತೆ ಗರ್ಜಿಸುತ್ತದೆ. ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ನಿಲ್ಲುವುದು. ಬಿಳಿಯ ಶಾರ್ಕುಗಳು ನೀರಿನಿಂದ ಮೇಲಕ್ಕೆ ಹಾರುವುದುಂಟು. ದಕ್ಷಿಣ ಆಫ್ರಿಕದ ಕರಾವಳಿಯಲ್ಲಿ ಸೀಲ್‌ಗಳನ್ನು ಬೇಟೆಯಾಡುವಾಗ ಹೀಗೆ ಹಾರುವುದನ್ನು ಅನೇಕರು ಛಾಯಾಚಿತ್ರ ತೆಗೆದಿದ್ದಾರೆ. ಒಂದು ಶಾರ್ಕ್ 3 ಮೀಟರು ಎತ್ತರಕ್ಕೆ ಹಾರಿತೆಂದು ಇಟ್ಟುಕೊಳ್ಳೋಣ. ಶಾಲೆಯಲ್ಲಿ ಕಲಿತ ಸೂತ್ರದಂತೆ, ನೀರನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ 7.7 ಮೀಟರು ಇರಬೇಕು. ಇದನ್ನು ಗಂಟೆಯ ಲೆಕ್ಕಕ್ಕೆ ತಂದರೆ ಸುಮಾರು 28 ಕಿಲೋಮೀಟರು! ಹಿಂದೆ ಕಂಡ ಸಂಖ್ಯೆಯೇ ಇಲ್ಲಿಯೂ ಬಂದಿತು. ನಿಜವಾದ ಶಾರ್ಕ್ ತನ್ನ ಸರ್ವಶಕ್ತಿಯನ್ನೂ ಒಗ್ಗೂಡಿಸಿ ಕೆಲವೇ ಸೆಕೆಂಡುಗಳ ಕಾಲ ಸಾಧಿಸುವ ವೇಗವನ್ನು ಚಿತ್ರದ ಶಾರ್ಕ್ 72 ಗಂಟೆ ಸಾಧಿಸಿತೆಂದಾಯಿತು. ಹೀಗೆ ಹಾರಿದ ಶಾರ್ಕ್ ಮೇಲೇರಿ ಮತ್ತೆ ನೀರಿಗೆ ಬೀಳುವುದಕ್ಕೆ ಹಿಡಿಯುವ ಕಾಲ ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಗುರುತ್ವಾಕರ್ಷಣೆ ಅದಕ್ಕಿಂತ ಹೆಚ್ಚು ಅವಕಾಶವನ್ನು ಯಾರಿಗೂ ಕೊಡುವುದಿಲ್ಲ. ನೀರಿನೊಳಗೆ ಅದರ ಭಾರವನ್ನು ನೀರೇ ಹೊತ್ತಿರುತ್ತದೆ. ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗವೂ ಅದನ್ನು ತೇಲಿಸಲು ನೆರವಾಗುತ್ತದೆ. ನೀರಿನಿಂದ ಹೊರಗೆ ಬಂದೊಡನೆ ಸಾವಿರ ಕಿಲೋಗ್ರಾಂ ಮೀರಿದ ಆ ದೇಹವನ್ನು ಎತ್ತಿಹಿಡಿಯಲು ಅಲ್ಲಿ ಏನೂ ಇಲ್ಲ.

ಎರಡನೆಯದು ಗರ್ಜನೆ. ಸಿಂಹ ಗರ್ಜಿಸುವುದು ಶ್ವಾಸಕೋಶದಿಂದ ಗಾಳಿಯನ್ನು ನೂಕಿ ಗಂಟಲಿನ ಧ್ವನಿತಂತುಗಳನ್ನು ಕಂಪಿಸುವುದರಿಂದ. ಶಾರ್ಕಿಗೆ ಶ್ವಾಸಕೋಶವಿಲ್ಲ, ಧ್ವನಿತಂತುಗಳಿಲ್ಲ. ಬೇರೆ ಅನೇಕ ಮೀನುಗಳಲ್ಲಿರುವ ಗಾಳಿಚೀಲವೂ ಇಲ್ಲ. ಶಾರ್ಕುಗಳು ಮೂಕಪ್ರಾಣಿಗಳೆಂದೇ ಬಹುಕಾಲ ತಿಳಿಯಲಾಗಿತ್ತು. 2025ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಒಂದು ಸಣ್ಣ ಜಾತಿಯ ಶಾರ್ಕ್ ಕೈಗೆ ಸಿಕ್ಕಾಗ ಚಟಚಟನೆ ಸದ್ದು ಮಾಡುವುದನ್ನು ದಾಖಲಿಸಿ ಪ್ರಕಟಿಸಿದರು. ಅದು ಹಲ್ಲುಗಳ ತಾಕಲಾಟದಿಂದ ಹುಟ್ಟುವುದಾಗಿರಬೇಕೆಂದು ಅವರ ಅಭಿಪ್ರಾಯ. ಚಟಚಟ ಸದ್ದಿಗೂ ಸಿಂಹನಾದಕ್ಕೂ ಇರುವ ಅಂತರವನ್ನು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಚಿತ್ರದಲ್ಲಿ ನೀರಿನೊಳಗಿನ ಸದ್ದುಗಳು ದಡದವರಿಗೂ ಸ್ಪಷ್ಟವಾಗಿ ಕೇಳಿಸುತ್ತವೆಂದು ಯಾರಾದರೂ ಚಿತ್ರಿಸಿದರೆ ಅದೂ ತಪ್ಪೇ. ನೀರಿನಿಂದ ಗಾಳಿಗೆ ನೇರವಾಗಿ ಬರುವ ಶಬ್ದದ ಶಕ್ತಿಯಲ್ಲಿ ಸುಮಾರು ಸಾವಿರದಲ್ಲೊಂದು ಭಾಗ ಮಾತ್ರ ಹೊರಬರುತ್ತದೆ. ಉಳಿದುದೆಲ್ಲ ನೀರಿನ ಮೇಲ್ಮೈಯಿಂದ ಒಳಕ್ಕೇ ಪ್ರತಿಫಲಿಸುತ್ತದೆ. ಕೆರೆಯಲ್ಲಿ ಮುಳುಗಿ ಎರಡು ಕಲ್ಲುಗಳನ್ನು ಬಡಿದರೆ ಮುಳುಗಿದವನ ಕಿವಿಗೆ ಅದು ಗಟ್ಟಿಯಾಗಿ ಕೇಳುತ್ತದೆ. ದಡದಲ್ಲಿ ಕುಳಿತವನಿಗೆ ಕೇಳಿಸುವುದೇ ಕಷ್ಟ.

ಸ್ಫೋಟ, ಮತ್ತು ಒಣಗಿದ ಅಂಗಿ

ಈ ಚಿತ್ರಕ್ಕೆ ಎರಡು ಮುಕ್ತಾಯಗಳಿವೆ. ಮೊದಲು ತೋರಿಸಿದ ಪ್ರತಿಯಲ್ಲಿ ಹಡಗಿನ ಮುಂಭಾಗದ ಚೂಪಾದ ಮರದ ತೊಲೆಯು ಶಾರ್ಕಿಗೆ ಚುಚ್ಚಿ ಅದು ಸಾಯುತ್ತದೆ. ಅನಂತರ ಮಾರ್ಪಡಿಸಿದ ಪ್ರತಿಯಲ್ಲಿ ತೊಲೆ ಚುಚ್ಚಿದೊಡನೆ ಶಾರ್ಕ್ ಢಮಾರನೆ ಸಿಡಿದು ಚೂರುಚೂರಾಗುತ್ತದೆ! ಸ್ಫೋಟವೆಂದರೆ ಕೂಡಿಟ್ಟ ಶಕ್ತಿ ಒಮ್ಮೆಗೇ ಬಿಡುಗಡೆಯಾಗುವುದು. ಅದಕ್ಕೆ ಒತ್ತಿಹಿಡಿದ ಅನಿಲ ಬೇಕು, ಅಥವಾ ಬೇಗನೆ ಉರಿಯುವ ಮದ್ದು ಬೇಕು. ಶಾರ್ಕಿನ ದೇಹದಲ್ಲಿ ಇರುವುದು ನೀರು, ಮಾಂಸ, ಮೃದ್ವಸ್ಥಿ ಮತ್ತು ಎಣ್ಣೆ. ಎಣ್ಣೆ ಉರಿಯಬಲ್ಲುದಾದರೂ ಸಾಕಷ್ಟು ಗಾಳಿ ಬೆರೆಯದೆ ಸಿಡಿಯಲಾರದು. ಕುಂಬಳಕಾಯಿಗೆ ಕೋಲು ಚುಚ್ಚಿದರೆ ಅದು ಸಿಡಿಯುವುದೆ?

ಮತ್ತೊಂದು ದೃಶ್ಯವನ್ನು ನಮ್ಮ ಹುಡುಗರೇ ಗುರುತಿಸಿದ್ದರು. ಮೈಕೇಲ್ ಕೇನ್ ಸಮುದ್ರದಲ್ಲಿ ಈಜಿ ಹಡಗನ್ನೇರಿದಾಗ ಅವನ ಅಂಗಿ ಒಣಗಿಯೇ ಇರುತ್ತದೆ. ಒದ್ದೆಯಾದ ಒಂದು ಅಂಗಿ 200 ಗ್ರಾಂ ನೀರನ್ನು ಹೀರಿದೆಯೆನ್ನೋಣ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಉಷ್ಣ ಬೇಕು. ಒಟ್ಟು 4,80,000 ಜೂಲ್. ನಡುಹಗಲಿನ ಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1,000 ವಾಟ್ ಕೊಡುತ್ತದೆ. ಅಂಗಿಯ ಅರ್ಧ ಚದರ ಮೀಟರು ಬಿಸಿಲಿಗೆ ಒಡ್ಡಿದ್ದರೆ 500 ವಾಟ್. ಅದೆಲ್ಲವೂ ಆವಿ ಮಾಡುವುದಕ್ಕೇ ವಿನಿಯೋಗವಾದರೂ 960 ಸೆಕೆಂಡು, ಎಂದರೆ 16 ನಿಮಿಷ ಬೇಕು. ಚಿತ್ರದಲ್ಲಿ ಅದು ಹಡಗನ್ನು ಹತ್ತುವಷ್ಟರಲ್ಲಿ ಒಣಗಿತ್ತು.

ಚಿತ್ರ ಕೈಬಿಟ್ಟ ಅದ್ಭುತ

ಇಷ್ಟೆಲ್ಲ ಸುಳ್ಳುಗಳನ್ನು ಹೇಳಲು ಶ್ರಮಪಟ್ಟ ಚಿತ್ರವು ಒಂದು ದೊಡ್ಡ ನಿಜವನ್ನು ಬಳಸಿಕೊಳ್ಳಲೇ ಇಲ್ಲ. ಶಾರ್ಕಿನ ಮೂತಿಯ ಮೇಲೆ ಸಣ್ಣ ಸಣ್ಣ ರಂಧ್ರಗಳಿವೆ. ಅವುಗಳ ಒಳಗೆ ಲೋಳೆಯಂಥ ವಸ್ತು ತುಂಬಿದ ನಾಳಗಳಿವೆ. 1678ರಲ್ಲಿ ಸ್ಟೆಫಾನೊ ಲೊರೆಂಜಿನಿ ಎಂಬ ಇಟಲಿಯ ಪಂಡಿತನು ಇವನ್ನು ವರ್ಣಿಸಿದನು. ಇವು ಏತಕ್ಕಿವೆಯೆಂಬುದು ಸುಮಾರು ಮುನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ. 1971ರಲ್ಲಿ ಕಾಲ್ಮೈನ್ ಎಂಬ ಡಚ್ ವಿಜ್ಞಾನಿಯು, ಮರಳಿನಲ್ಲಿ ಹುದುಗಿದ ಮೀನನ್ನು ಶಾರ್ಕ್ ಅದರ ವಿದ್ಯುತ್ತಿನಿಂದಲೇ ಪತ್ತೆಹಚ್ಚುತ್ತದೆಂದು ಪ್ರಯೋಗದ ಮೂಲಕ ತೋರಿಸಿಕೊಟ್ಟನು. ಮೀನನ್ನು ತೆಗೆದು ಅದರ ಸ್ಥಳದಲ್ಲಿ ದುರ್ಬಲವಾದ ವಿದ್ಯುತ್ತನ್ನು ಹರಿಸುವ ತಂತಿಗಳನ್ನು ಹೂತಿಟ್ಟರೂ ಶಾರ್ಕ್ ಅಲ್ಲಿಗೇ ಬಂದು ಅಗೆಯಿತು.

ಈ ಇಂದ್ರಿಯದ ಸೂಕ್ಷ್ಮತೆ ಎಷ್ಟು? ಒಂದು ಸೆಂಟಿಮೀಟರಿಗೆ ಒಂದು ವೋಲ್ಟಿನ ನೂರು ಕೋಟಿಯಲ್ಲಿ ಐದು ಭಾಗದಷ್ಟು! ಕೈದೀಪದ ಒಂದೂವರೆ ವೋಲ್ಟಿನ ಒಂದು ಬ್ಯಾಟರಿಯ ಎರಡು ತುದಿಗಳನ್ನು 3,000 ಕಿಲೋಮೀಟರು ಅಂತರದಲ್ಲಿಟ್ಟು, ನಡುವಣ ದೂರಕ್ಕೆಲ್ಲ ಆ ಒಂದೂವರೆ ವೋಲ್ಟನ್ನು ಸಮನಾಗಿ ಹಂಚಿದರೆ ದೊರೆಯುವ ಕ್ಷೇತ್ರ ಇಷ್ಟು. ಹೆಚ್ಚು ಕಡಿಮೆ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗಿನ ದೂರವಿದು. ಆದರೆ ಜೀವಿಗಳ ವಿದ್ಯುತ್ ಕ್ಷೇತ್ರ ದೂರ ಹೆಚ್ಚಿದಂತೆ ಬಹು ಬೇಗ ಕುಗ್ಗುವುದರಿಂದ ಈ ಇಂದ್ರಿಯ ಬೇಟೆಯ ತೀರ ಸಮೀಪದಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಕತ್ತಲೆಯ ನೀರಿನಲ್ಲಿ, ಬಚ್ಚಿಟ್ಟುಕೊಂಡ ಪ್ರಾಣಿಯ ಉಸಿರಾಟದ ಸ್ನಾಯುಗಳ ವಿದ್ಯುತ್ತನ್ನೇ ಗುರುತಿಸುವ ಒಂದು ಜೀವಿ! ಇದಕ್ಕಿಂತ ನಡುಕ ಹುಟ್ಟಿಸುವ ಸಂಗತಿಯನ್ನು ಯಾವ ಕಥೆಗಾರನು ಕಟ್ಟಬಲ್ಲನು?

1975ರ ಮೊದಲ ಚಿತ್ರ ಗೆದ್ದುದೂ ಇದೇ ಗುಟ್ಟಿನಿಂದ. ಅದರಲ್ಲಿ ಬಳಸಿದ ಯಾಂತ್ರಿಕ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟುದರಿಂದ ನಿರ್ದೇಶಕನು ಅದನ್ನು ಹೆಚ್ಚಾಗಿ ತೋರಿಸಲಾಗಲಿಲ್ಲ. ನೀರಿನ ಮೇಲ್ಮೈ, ಚಲಿಸುವ ಪೀಪಾಯಿ, ಜಾನ್ ವಿಲಿಯಮ್ಸನ ಸಂಗೀತದ ಎರಡು ಸ್ವರ, ಇಷ್ಟರಿಂದಲೇ ಭಯ ಹುಟ್ಟಿತು. ಅದರಲ್ಲಿಯೂ ತಪ್ಪುಗಳಿಲ್ಲದೆ ಇಲ್ಲ. ಆದರೆ ಅಲ್ಲಿನ ಶಾರ್ಕ್ ಹಸಿವೆಯುಳ್ಳ ಪ್ರಾಣಿ. ನಾಲ್ಕನೆಯ ಚಿತ್ರದ ಶಾರ್ಕ್ ಹಗೆಯುಳ್ಳ ಮನುಷ್ಯ. ನಿಯಮಕ್ಕೆ ಒಳಪಟ್ಟ ಶತ್ರುವಿನಿಂದ ತಪ್ಪಿಸಿಕೊಳ್ಳುವ ಉಪಾಯವನ್ನು ನೋಡುವವನು ತಾನೂ ಯೋಚಿಸುತ್ತಾನೆ. ಆದುದರಿಂದ ಅವನಿಗೆ ಭಯವಾಗುತ್ತದೆ. ಏನು ಬೇಕಾದರೂ ಮಾಡಬಲ್ಲ ಶತ್ರುವಿನ ಮುಂದೆ ಯೋಚನೆಗೆ ಕೆಲಸವಿಲ್ಲ. ಆದುದರಿಂದ ನಗು ಬರುತ್ತದೆ.

ಹೇಮಾವತಿಗೆ ಶಾರ್ಕ್ ಬಂದೀತೆ?

ಈಗ ನಮ್ಮ ಹುಡುಗನ ಪ್ರಶ್ನೆ. ಅದು ಕೇವಲ ಹಾಸ್ಯವಲ್ಲ. ಬುಲ್ ಶಾರ್ಕ್ ಎಂಬ ಜಾತಿ ಸಿಹಿನೀರಿನಲ್ಲಿಯೂ ಬಾಳಬಲ್ಲುದು. ಅಮೆರಿಕದ ಮಿಸಿಸಿಪಿ ನದಿಯಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ಒಳನಾಡಿನ ಆಲ್ಟನ್ ಎಂಬಲ್ಲಿ 1937ರಲ್ಲಿ ಒಂದು ಬುಲ್ ಶಾರ್ಕ್ ಸಿಕ್ಕಿತ್ತು. ನಮ್ಮ ದೇಶದಲ್ಲಿಯೇ ಗಂಗಾ ಶಾರ್ಕ್ ಎಂಬ ಅತಿ ವಿರಳವಾದ ಜಾತಿಯುಂಟು.

ಆದರೆ ನಕ್ಷೆಯನ್ನು ತೆರೆದು ನೋಡಿರಿ. ಬಂಗಾಳಕೊಲ್ಲಿಯಿಂದ ಕಾವೇರಿಯಲ್ಲಿ ಮೇಲೇರಿ ಬರುವ ಮೀನು ಮೊದಲು ಕಲ್ಲಣೆಯನ್ನು ದಾಟಬೇಕು. ಬಳಿಕ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು. ಅದರ ಮೇಲೆ ಹೊಗೆನಕಲ್ ಜಲಪಾತ. ಅದಕ್ಕೂ ಮೇಲೆ ಶಿವನಸಮುದ್ರದಲ್ಲಿ ಸುಮಾರು 90 ಮೀಟರು ಎತ್ತರದಿಂದ ಬೀಳುವ ನೀರು. ಅಷ್ಟೆತ್ತರವನ್ನು ಒಂದೇ ನೆಗೆತಕ್ಕೆ ಹಾರಲು ಬೇಕಾದ ವೇಗ ಗಂಟೆಗೆ 150 ಕಿಲೋಮೀಟರು! ಅದನ್ನೂ ದಾಟಿದರೆ 1911ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿ ಕಟ್ಟೆ. ಹೇಮಾವತಿ ಕಾವೇರಿಯನ್ನು ಸೇರುವುದು ಆ ಕಟ್ಟೆಯ ಹಿನ್ನೀರಿನಲ್ಲಿ. ಆದುದರಿಂದ ಹೇಮಗಿರಿಯ ನೀರಿಗೆ ಶಾರ್ಕ್ ಬರುವುದಿಲ್ಲ. ಅದನ್ನು ನೋಡಬೇಕೆಂಬವರು ಮಂಗಳೂರಿಗೋ ಮಲ್ಪೆಗೋ ಹೋಗಬೇಕು. ಅಲ್ಲಿ ತುಳುವರು ಅದನ್ನು ತಾಟೆಯೆಂದೂ ಕೊಂಕಣಿಗರು ಮೋರಿಯೆಂದೂ ಕರೆಯುತ್ತಾರೆ. ಅಲ್ಲಿ ಮನುಷ್ಯನನ್ನು ಶಾರ್ಕ್ ತಿನ್ನುವುದಲ್ಲ. ಮನುಷ್ಯನೇ ಶಾರ್ಕನ್ನು ತಿನ್ನುವುದು.

ನಿಜವಾದ ಅಪಾಯ

ಆ ದಿನ ನಾನು ಈ ಉತ್ತರವನ್ನು ಉತ್ಸಾಹದಿಂದ ಕೊಡುತ್ತಿದ್ದೆನು. ಪ್ರಶ್ನೆ ಕೇಳಿದ ಹುಡುಗ ನೀರಿಗಿಳಿಯಲಿಲ್ಲ. ಶಾರ್ಕಿಗೆ ಹೆದರದ ಇಬ್ಬರು ಮಾತ್ರ ನನ್ನ ಬೆನ್ನ ಹಿಂದೆ ಅಣೆಯ ಕೆಳಗಿನ ನೀರಿಗೆ ಇಳಿದಿದ್ದರು. ಕೂಗು ಕೇಳಿ ತಿರುಗಿದಾಗ ಒಬ್ಬನ ತಲೆ ಮಾತ್ರ ಕಾಣುತ್ತಿತ್ತು, ಅದೂ ಆಗಾಗ. ಹರಿಗೋಲಿನಲ್ಲಿ ಮೀನು ಹಿಡಿಯುತ್ತಿದ್ದ ಇಬ್ಬರು ಬಿದಿರುಗಳುವನ್ನು ಚಾಚಿ ಅವನನ್ನು ಎಳೆದುಕೊಂಡರು. ಅವನು ಬದುಕಿದ. ಅಂದಿನ ತಪ್ಪು ಅವನದಲ್ಲ. ಚಿತ್ರದ ತಪ್ಪುಗಳನ್ನು ಎಣಿಸುತ್ತ ಕುಳಿತು ಎದುರಿನ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನನ್ನದು. ಆ ಲೆಕ್ಕವನ್ನು ಈಗ ಮಾಡುತ್ತೇನೆ.

ಸೊಂಟದವರೆಗಿನ ನೀರಿನಲ್ಲಿ 60 ಕಿಲೋಗ್ರಾಂ ತೂಕದ ಒಬ್ಬನು ನಿಂತಿದ್ದಾನೆ. ನೀರು ಅವನ ಭಾರದ ಸುಮಾರು ಅರ್ಧವನ್ನು ಹೊರುತ್ತದೆ. ಕಾಲಿನ ಮೇಲೆ ಉಳಿಯುವುದು 30 ಕಿಲೋಗ್ರಾಂ ಭಾರ. ಒರಟಾದ ಕಲ್ಲಿನ ಮೇಲೆ ಪಾದದ ಹಿಡಿತ ಇದರ ಅರ್ಧ, ಎಂದರೆ 15 ಕಿಲೋಗ್ರಾಂ ಭಾರದಷ್ಟೆನ್ನೋಣ. ಪಾಚಿಯಿದ್ದರೆ ಇನ್ನೂ ಕಡಿಮೆ. ಈಗ ನೀರಿನ ನೂಕುವಿಕೆ: ಕಾಲು ಸೊಂಟಗಳು ನೀರಿಗೆ ಒಡ್ಡುವ ವಿಸ್ತೀರ್ಣ ಸುಮಾರು 0.3 ಚದರ ಮೀಟರು. ನೀರು ಸೆಕೆಂಡಿಗೆ 1 ಮೀಟರು ವೇಗದಿಂದ ಹರಿದರೆ ಬಲ 15 ಕಿಲೋಗ್ರಾಂ ಭಾರ. ಹಿಡಿತಕ್ಕೆ ಸರಿಸಮ! ವೇಗ 2 ಮೀಟರಾದರೆ, ಶಾರ್ಕಿಗೆ ಹೇಳಿದ ವರ್ಗನಿಯಮದಂತೆಯೇ, ಬಲ ನಾಲ್ಕರಷ್ಟು: 60 ಕಿಲೋಗ್ರಾಂ ಭಾರ. ಸೆಕೆಂಡಿಗೆ 2 ಮೀಟರೆಂದರೆ ಗಂಟೆಗೆ 7 ಕಿಲೋಮೀಟರಷ್ಟೆ. ದಡದಿಂದ ನೋಡುವವನಿಗೆ ಅದು ಸೌಮ್ಯವಾಗಿಯೇ ಕಾಣುತ್ತದೆ. ಮೇಲೆ ಗೊರೂರಿನಲ್ಲಿ ನೀರು ಬಿಟ್ಟಾಗ ಈ ಸೌಮ್ಯವಾದ ಹೊಳೆ ಬೇರೆಯೇ ಆಗುತ್ತದೆ.

ಕಟ್ಟೆಯ ಕೆಳಗೆ ಇನ್ನೊಂದು ಮೋಸವಿದೆ. 2 ಮೀಟರು ಎತ್ತರದ ಯಾವುದೇ ಕಟ್ಟೆಯಿಂದ ಬೀಳುವ ನೀರು ಸೆಕೆಂಡಿಗೆ 6 ಮೀಟರಿಗೂ ಮೀರಿದ ವೇಗದಿಂದ ಬುಡವನ್ನು ಹೊಡೆದು ತಳದಲ್ಲಿ ಮುಂದಕ್ಕೆ ನುಗ್ಗುತ್ತದೆ. ಮೇಲ್ಭಾಗದ ನೀರು ಅದರ ಸ್ಥಾನವನ್ನು ತುಂಬಲು ಹಿಂದಕ್ಕೆ, ಕಟ್ಟೆಯ ಕಡೆಗೆ, ಹರಿಯುತ್ತದೆ. ಈ ಸುತ್ತಿಗೆ ಸಿಕ್ಕಿದವನು ಕಟ್ಟೆಯ ಬುಡಕ್ಕೆ ಎಳೆಯಲ್ಪಟ್ಟು, ಮುಳುಗಿ, ಮುಂದೆದ್ದು, ಮತ್ತೆ ಹಿಂದಕ್ಕೆ ಎಳೆಯಲ್ಪಡುತ್ತಾನೆ. ಸಾಮಾನ್ಯ ಈಜುಗಾರನ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ. ಅದಲ್ಲದೆ ಅಲ್ಲಿನ ನೀರು ನೊರೆ. ಅದರಲ್ಲಿ ಮೂರರಲ್ಲೊಂದು ಪಾಲು ಗಾಳಿಯಿದ್ದರೆ ಸಾಂದ್ರತೆಯೂ ಅಷ್ಟೇ ಕಡಿಮೆ. ಮನುಷ್ಯನ ದೇಹದ ಸಾಂದ್ರತೆ ಶುದ್ಧ ನೀರಿನದಕ್ಕೆ ಬಹುಮಟ್ಟಿಗೆ ಸಮ. ಆದುದರಿಂದ ಒಳ್ಳೆಯ ಈಜುಗಾರನೂ ನೊರೆಯಲ್ಲಿ ತೇಲಲಾರನು. ಹಾಲಿನಂತೆ ಚೆಲುವಾಗಿ ಕಾಣುವ ಬಿಳುಪೇ ಅಪಾಯದ ಗುರುತು.

ಪ್ರಪಂಚದಲ್ಲಿ ಶಾರ್ಕಿನಿಂದ ಸಾಯುವವರು ವರ್ಷಕ್ಕೆ ಸರಾಸರಿ ಹತ್ತಕ್ಕೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಇನ್ನೊಂದು ಕಡೆ, ಮನುಷ್ಯರು ಕೊಲ್ಲುವ ಶಾರ್ಕುಗಳು ವರ್ಷಕ್ಕೆ ಸುಮಾರು 10 ಕೋಟಿಯೆಂದು 2013ರಲ್ಲಿ ಪ್ರಕಟವಾದ ಒಂದು ಅಂದಾಜು. ಶಾರ್ಕ್ ಮತ್ತು ತೊರಕೆ ಜಾತಿಗಳಲ್ಲಿ ಮೂರನೆಯ ಒಂದಂಶಕ್ಕೂ ಹೆಚ್ಚು ಅಳಿವಿನಂಚಿಗೆ ಸಾಗಿವೆಯೆಂದು 2021ರಲ್ಲಿ ವಿಜ್ಞಾನಿಗಳು ತಿಳಿಸಿದರು. ಕಾದಂಬರಿ ಬರೆದ ಬೆಂಚ್ಲಿ ತನ್ನ ಕೊನೆಯ ವರ್ಷಗಳನ್ನು ಶಾರ್ಕುಗಳ ರಕ್ಷಣೆಗಾಗಿ ದುಡಿದು ಕಳೆದನು. ಸ್ಪೀಲ್‌ಬರ್ಗ್ ಕೂಡ 2022ರಲ್ಲಿ ತನ್ನ ಪಶ್ಚಾತ್ತಾಪವನ್ನು ಬಹಿರಂಗವಾಗಿ ಹೇಳಿದನು. ಭಾರತ ಸರ್ಕಾರ 2001ರಲ್ಲಿ ನಿರಪಾಯಿಯಾದ ತಿಮಿಂಗಿಲ ಶಾರ್ಕನ್ನು ಸಂರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಕೆಟ್ಟ ಚಿತ್ರದ ದೋಷ ಅಂಗಿ ಬೇಗನೆ ಒಣಗಿದ್ದಲ್ಲ. ಭಯವನ್ನು ಇರಬೇಕಾದ ಸ್ಥಳದಿಂದ ತೆಗೆದು ಇಲ್ಲದ ಸ್ಥಳದಲ್ಲಿ ಇಡುವುದೇ ಅದರ ದೊಡ್ಡ ದೋಷ. ಭಯ ಒಳ್ಳೆಯದೇ, ಅದಕ್ಕೆ ಲೆಕ್ಕ ಗೊತ್ತಿರಬೇಕು.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ: ನಿಮ್ಮ ಊರಿನ ಕಾಲುವೆಯ ದಡದ ಮೇಲೆ 10 ಮೀಟರು ಅಳೆದುಕೊಳ್ಳಿರಿ. ನೀರಿಗಿಳಿಯದೆ, ಹಿರಿಯರೊಬ್ಬರ ಜೊತೆಯಲ್ಲಿ, ಒಂದು ಒಣ ಎಲೆಯನ್ನು ತೇಲಿಬಿಟ್ಟು ಅದು ಅಷ್ಟು ದೂರ ಹೋಗಲು ಹಿಡಿಯುವ ಸೆಕೆಂಡುಗಳನ್ನು ಎಣಿಸಿರಿ. ವೇಗವನ್ನು ಕಂಡುಹಿಡಿದು, ಸೊಂಟದವರೆಗೆ ನಿಂತವನ ಮೇಲೆ ಅದು ಹಾಕುವ ಬಲವನ್ನು ಲೆಕ್ಕ ಮಾಡಿರಿ. 10 ಸೆಕೆಂಡಿಗಿಂತ ಮೊದಲೇ ಎಲೆ ಗುರುತನ್ನು ದಾಟಿತಾದರೆ, ಆ ನೀರಿನಲ್ಲಿ ನಿಮ್ಮ ಕಾಲು ನಿಲ್ಲದು.